ಚರ್ಚಿನ ಅಂಗಳದ ಗೋರಿಕಲ್ಲುಗಳು: ಬ್ರಿಟನ್ನಿನಲ್ಲಿ ಅವುಗಳ ದುರಸ್ತಿ ಮತ್ತು ಆರೈಕೆಯ ಚರಿತ್ರೆ

ಇಂಗ್ಲೆಂಡಿನ ಪ್ಯಾರಿಷ್ ಚರ್ಚುಗಳ, ಎಂದರೆ ಒಂದು ಊರಿನ ಅಥವಾ ಅಕ್ಕಪಕ್ಕದ ಕೆಲವು ಊರುಗಳ ಭಕ್ತರಿಗೆ ಸೇರಿದ ಚರ್ಚುಗಳ, ಅಂಗಳದಲ್ಲಿ ಸಾಲುಗಟ್ಟಿ ನಿಂತಿರುವ ಗೋರಿಕಲ್ಲುಗಳು ನೋಡಿದವರಿಗೆ ಚರ್ಚಿನಷ್ಟೇ ಹಳೆಯವೆಂದು ತೋರುತ್ತವೆಯಾದರೂ, ಅವುಗಳಲ್ಲಿ ಹದಿನೇಳನೆಯ ಶತಮಾನದ ಮಧ್ಯಭಾಗಕ್ಕಿಂತ ಹಿಂದಿನವು ಬಹಳ ವಿರಳ. ಅದಕ್ಕೆ ಮೊದಲು ಜಮೀನ್ದಾರರು, ಪಾದ್ರಿಗಳು, ದೊಡ್ಡ ವರ್ತಕರು ಚರ್ಚಿನ ಒಳಗೇ ನೆಲಹಾಸಿನ ಚಪ್ಪಡಿಗಳ ಕೆಳಗೆ ಮಣ್ಣಾಗುತ್ತಿದ್ದರು. ಉಳಿದವರಿಗೆ ಹೊರಗಿನ ಅಂಗಳದಲ್ಲಿ ಜಾಗ ಸಿಗುತ್ತಿತ್ತೇ ಹೊರತು ಹೆಸರು ಉಳಿಯುತ್ತಿರಲಿಲ್ಲ, ಹೆಚ್ಚೆಂದರೆ ಮರದ ಒಂದು ಗುರುತು ಕೆಲವು ವರ್ಷ ನಿಂತು ಕೊಳೆತುಹೋಗುತ್ತಿತ್ತು. ಅದೇ ನೆಲವನ್ನು ತಲೆಮಾರಿನ ಮೇಲೆ ತಲೆಮಾರು ಅಗೆದು ಹೂಳುತ್ತಿದ್ದುದರಿಂದ ಎಷ್ಟೋ ಕಡೆ ಅಂಗಳದ ಮಟ್ಟವೇ ಏರಿ, ಚರ್ಚಿನೊಳಕ್ಕೆ ಈಗ ಮೆಟ್ಟಿಲಿಳಿದು ಹೋಗಬೇಕಾದ ಸ್ಥಿತಿ ಬಂದಿದೆ. ಸ್ವಂತ ಭೂಮಿಯುಳ್ಳ ರೈತರು, ಹಿಟ್ಟಿನ ಗಿರಣಿಯವರು, ಕಮ್ಮಾರರು, ಅಂಗಡಿಕಾರರು ತಮ್ಮವರ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸುವಷ್ಟು ಅನುಕೂಲವಂತರಾದ ಮೇಲೆಯೇ, ಹೂತವರ ತಲೆಯ ಕಡೆಗೆ ನೆಟ್ಟಗೆ ನೆಡುವ ನಿಲುಗಲ್ಲುಗಳು ಊರೂರಿನಲ್ಲಿ ಕಾಣಿಸಿಕೊಂಡವು.

ಹೀಗೆ ಬಂದ ಕಲ್ಲುಗಳು ಊರಿನ ಚರಿತ್ರೆಗೆ ಬೇರೆಲ್ಲೂ ಸಿಗದ ಆಧಾರಗಳಾಗಿವೆ. ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರಗಳನ್ನು ಪ್ರತಿ ಪ್ಯಾರಿಷ್ಷೂ ದಾಖಲಿಸಬೇಕೆಂಬ ಆಜ್ಞೆ 1538ರಲ್ಲಿ ಹೊರಟಿತಾದರೂ, ಆ ದಾಖಲೆಪುಸ್ತಕಗಳಲ್ಲಿ ಅನೇಕವು ತೇವಕ್ಕೆ, ಬೆಂಕಿಗೆ, ಅಜಾಗ್ರತೆಗೆ ಬಲಿಯಾದವು. ಉಳಿದವುಗಳಲ್ಲಿಯೂ ಮಣ್ಣು ಮಾಡಿದ ದಿನ ಮತ್ತು ಒಂದು ಹೆಸರನ್ನು ಬಿಟ್ಟರೆ ಹೆಚ್ಚೇನೂ ಇರುವುದಿಲ್ಲ. ಸತ್ತವನ ವಯಸ್ಸು, ಕಸುಬು, ಹೆಂಡತಿ ಮಕ್ಕಳ ಹೆಸರು, ಎಳವೆಯಲ್ಲೇ ತೀರಿಕೊಂಡ ಕೂಸುಗಳ ಲೆಕ್ಕ, ಕೆಲವೊಮ್ಮೆ ಸಾವಿನ ಕಾರಣ ಇವೆಲ್ಲ ಸಿಗುವುದು ಕಲ್ಲಿನ ಮೇಲೆಯೇ. ಆದರೆ ಈ ಕಲ್ಲುಗಳಿಗೆ ಹುಟ್ಟಿನಿಂದಲೇ ಒಂದು ಕೊರತೆ ಅಂಟಿಕೊಂಡಿತ್ತು. ಇಂಗ್ಲೆಂಡಿನ ಕಾನೂನಿನಲ್ಲಿ ಅಂಗಳದ ನೆಲ ಚರ್ಚಿನದು, ಕಲ್ಲು ಮಾತ್ರ ಅದನ್ನು ನೆಡಿಸಿದವರದು, ಅವರ ಕಾಲಾನಂತರ ಯಾರ ಸ್ಮರಣೆಗಾಗಿ ನೆಟ್ಟಿತೋ ಅವರ ವಾರಸುದಾರರದು. ಎರಡು ಮೂರು ತಲೆಮಾರು ಕಳೆಯುವಷ್ಟರಲ್ಲಿ ವಾರಸುದಾರರು ಕೆಲಸ ಹುಡುಕಿಕೊಂಡು ಪಟ್ಟಣಗಳಿಗೋ ಹೊರದೇಶಗಳಿಗೋ ಹೊರಟುಹೋಗುತ್ತಾರೆ. ಕಲ್ಲಿಗೆ ಒಡೆಯನಿದ್ದರೂ ದಿಕ್ಕಿಲ್ಲದಂತಾಗುತ್ತದೆ. ಆದಕಾರಣ ಗೋರಿಕಲ್ಲುಗಳ ಆರೈಕೆಯ ಚರಿತ್ರೆಯು ಬಹುಮಟ್ಟಿಗೆ ಸಂಬಂಧಿಕರಲ್ಲದವರು ಮಾಡಿದ ಕೆಲಸದ ಚರಿತ್ರೆ. ಅವರಲ್ಲಿ ಕೆಲವರು ಕಲ್ಲಿನ ಮೇಲಿನ ಹೆಸರನ್ನು ಉಳಿಸಲು ಹೊರಟರು, ಕೆಲವರು ಕಲ್ಲನ್ನೇ ಉಳಿಸಲು ಹೊರಟರು. ಈ ಎರಡು ಗುರಿಗಳು ಒಂದೇ ಎಂದು ಮೇಲುನೋಟಕ್ಕೆ ತೋರಿದರೂ ಕೆಲಸಕ್ಕೆ ಕೈಹಾಕಿದಾಗ ಒಂದು ಮತ್ತೊಂದಕ್ಕೆ ಅಡ್ಡ ಬರುತ್ತದೆ, ಮತ್ತು ಮುನ್ನೂರು ವರ್ಷಗಳ ತಪ್ಪು ಒಪ್ಪುಗಳೆಲ್ಲ ಈ ತಿಕ್ಕಾಟದ ಸುತ್ತಲೇ ನಡೆದಿವೆ.

ಆರೈಕೆಯ ಮಾತಿಗೆ ಮೊದಲು ಕಲ್ಲಿನ ಜಾತಿಯನ್ನು ಅರಿಯಬೇಕು. ಕಾಲುವೆ ಮತ್ತು ರೈಲುಗಳು ಬರುವವರೆಗೆ ಭಾರವಾದ ಕಲ್ಲನ್ನು ದೂರ ಸಾಗಿಸುವುದು ದುಬಾರಿಯಾಗಿದ್ದುದರಿಂದ ಪ್ರತಿ ಸೀಮೆಯ ಕಲ್ಲುಕುಟಿಗರೂ ಹತ್ತಿರದ ಗಣಿಯಲ್ಲಿ ದೊರೆತದ್ದನ್ನೇ ಬಳಸಿದರು. ಲೆಸ್ಟರ್‌ಶೈರಿನವರ ಭಾಗ್ಯಕ್ಕೆ ಸ್ವಿತ್‌ಲ್ಯಾಂಡ್ ಎಂಬಲ್ಲಿ ನೀಲಿ-ಬೂದು ಬಣ್ಣದ ಸ್ಲೇಟು ಕಲ್ಲು ಸಿಕ್ಕಿತು. ಹದಿನೇಳನೆಯ ಶತಮಾನದ ಕೊನೆಯಿಂದ, 1880ರ ದಶಕದಲ್ಲಿ ಗಣಿ ಮುಚ್ಚುವವರೆಗೆ, ಅಲ್ಲಿನ ಕುಟಿಗರು ಮುಂಬದಿಯನ್ನು ಮಾತ್ರ ನುಣುಪಾಗಿ ತಿಕ್ಕಿ, ಹಿಂಬದಿಯನ್ನು ಗಣಿಯಿಂದ ಸೀಳಿದ ಒರಟಿನಲ್ಲೇ ಬಿಟ್ಟು, ಸುರುಳಿ ಸುರುಳಿಯಾದ ಬಳ್ಳಿಯಂಥ ಅಕ್ಷರಗಳನ್ನು ಕೆತ್ತಿದರು. ಇನ್ನೂರೈವತ್ತು ವರ್ಷದ ಮಳೆ ಹಿಮಗಳನ್ನು ಕಂಡ ಆ ಕಲ್ಲುಗಳ ಮೇಲೆ, ಒಂದಕ್ಷರದಿಂದ ಮತ್ತೊಂದಕ್ಕೆ ಸಾಲು ನೇರವಿರಲೆಂದು ಕುಟಿಗನು ಮೊದಲು ಸೂಜಿಮೊನೆಯಿಂದ ಗೀಚಿಕೊಂಡ ಕೂದಲೆಳೆಯಂಥ ಗೆರೆಗಳು ಕೂಡ ಇಂದಿಗೂ ಕಾಣುವುದುಂಟು.

ಬೇರೆ ಸೀಮೆಗಳಿಗೆ ಇಂಥ ಕಲ್ಲು ದೊರೆಯಲಿಲ್ಲ. ಮರಳುಗಲ್ಲು ಪದರ ಪದರವಾಗಿ ರೂಪುಗೊಂಡದ್ದು. ಮನೆಯ ಗೋಡೆಯಲ್ಲಾದರೆ ಪದರಗಳು ಅಡ್ಡಲಾಗಿ ಬರುವಂತೆ ಇಡುತ್ತಾರೆ, ಆದರೆ ನಿಲುಗಲ್ಲಿಗಾಗಿ ಸೀಳಿದ ಚಪ್ಪಡಿಯನ್ನು ನೆಟ್ಟಗೆ ನಿಲ್ಲಿಸಿದಾಗ ಪದರಗಳೂ ನೆಟ್ಟಗೆ ನಿಲ್ಲುತ್ತವೆ, ಮೇಲಂಚಿನಿಂದ ನೀರು ಅವುಗಳ ನಡುವೆ ಇಳಿಯುತ್ತದೆ, ಚಳಿಗಾಲದಲ್ಲಿ ಆ ನೀರು ಹೆಪ್ಪುಗಟ್ಟಿ ಹಿಗ್ಗುತ್ತದೆ, ಒಂದು ವಸಂತದಲ್ಲಿ ಬರಹವನ್ನು ಹೊತ್ತ ಮುಂಪದರವೇ ಹಾಳೆಯಂತೆ ಕಳಚಿ ಹುಲ್ಲಿನ ಮೇಲೆ ಬೀಳುತ್ತದೆ. ಸುಣ್ಣಕಲ್ಲು ಮತ್ತು ಅದರ ಬಂಧುವಾದ ಅಮೃತಶಿಲೆಯ ಕೇಡು ಬೇರೆ ಬಗೆಯದು. ಇವೆರಡರ ಮೂಲದ್ರವ್ಯವಾದ ಕ್ಯಾಲ್ಸಿಯಂ ಕಾರ್ಬೊನೇಟು ಆಮ್ಲದಲ್ಲಿ ಕರಗುವಂಥದು. ಕಲ್ಲಿದ್ದಲಿನ ಹೊಗೆಯಲ್ಲಿನ ಗಂಧಕ ಮಳೆಯೊಡನೆ ಸೇರಿ ಇಳಿದಾಗ, ನೀರು ಹರಿಯುವ ಕಡೆ ಕಲ್ಲು ಸವೆಯಿತು, ಮಳೆ ತಾಗದ ಮರೆಯಲ್ಲಿ ಜಿಪ್ಸಮ್ಮಿನ ಕಪ್ಪು ಹೆಕ್ಕಳೆ ಕಟ್ಟಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಇಟಲಿಯಿಂದ ತರಿಸಿ ಹೆಮ್ಮೆಯಿಂದ ನಿಲ್ಲಿಸಿದ ಬಿಳಿ ಅಮೃತಶಿಲೆ ಅದೇ ಶತಮಾನದ ಕಾರ್ಖಾನೆಗಳ ಹೊಗೆಗೆ ಸಿಕ್ಕಿ, ಮುಟ್ಟಿದರೆ ಸಕ್ಕರೆಯ ಹರಳಿನಂತೆ ಉದುರುವ ಸ್ಥಿತಿಗೆ ಬಂದುದು ಆ ಯುಗದ ಎರಡು ಮುಖಗಳನ್ನು ಒಟ್ಟಿಗೆ ತೋರಿಸುತ್ತದೆ.

ಗೋರಿಕಲ್ಲುಗಳ ಆರೈಕೆಗೆ ಬಾಳನ್ನೇ ಸವೆಸಿದ ಮೊದಲ ಪ್ರಸಿದ್ಧ ವ್ಯಕ್ತಿ ಸ್ಕಾಟ್ಲೆಂಡಿನವನು. ಹಾಯಿಕ್ ಪಟ್ಟಣದ ಬಳಿ 1715ರ ಸುಮಾರಿಗೆ ಹುಟ್ಟಿದ ರಾಬರ್ಟ್ ಪ್ಯಾಟರ್ಸನ್ ಕಸುಬಿನಿಂದ ಕಲ್ಲುಕುಟಿಗ; ಡಂಫ್ರೀಸ್ ಸೀಮೆಯಲ್ಲಿ ಕಲ್ಲಿನ ಗಣಿಯೊಂದನ್ನು ಗುತ್ತಿಗೆಗೆ ಹಿಡಿದಿದ್ದವನು. ಅವನು ಸೇರಿದ್ದ ಪಂಥವು ಹದಿನೇಳನೆಯ ಶತಮಾನದ ಕವೆನಂಟರುಗಳನ್ನು ಗುರುಹಿರಿಯರೆಂದು ಗೌರವಿಸುತ್ತಿತ್ತು. ಅರಸನು ಚರ್ಚಿನ ಆಡಳಿತದಲ್ಲಿ ಕೈಹಾಕಕೂಡದೆಂದು ಪ್ರತಿಜ್ಞಾಪತ್ರಕ್ಕೆ ಸಹಿ ಹಾಕಿ, ಬಯಲುಗಳಲ್ಲಿ ಗುಟ್ಟಾಗಿ ಪ್ರಾರ್ಥನೆ ನಡೆಸುತ್ತಿದ್ದ ಇವರನ್ನು 1680ರ ದಶಕದಲ್ಲಿ ಸೈನಿಕರು ಬೇಟೆಯಾಡಿ ಕೊಂದಿದ್ದರು. ಸತ್ತವರ ಗೋರಿಗಳು ಚರ್ಚಿನ ಅಂಗಳಗಳಲ್ಲಿ ಮಾತ್ರವಲ್ಲದೆ, ಅವರು ಬಿದ್ದಲ್ಲೇ ಹೂತದ್ದರಿಂದ ಜನಸಂಚಾರವಿಲ್ಲದ ಗುಡ್ಡಗಾಡುಗಳಲ್ಲಿಯೂ ಚದುರಿಕೊಂಡಿದ್ದವು. ಪ್ಯಾಟರ್ಸನ್ ಮೊದಮೊದಲು ತನ್ನ ಗಣಿಯ ಕಲ್ಲಿನಿಂದ ಅವರಿಗೆ ಹೊಸ ಗೋರಿಕಲ್ಲುಗಳನ್ನು ಮಾಡಿಕೊಡುತ್ತಿದ್ದು, ಆಮೇಲೆ 1758ರ ಸುಮಾರಿಗೆ ಮನೆಗೆ ಹಿಂತಿರುಗುವುದನ್ನೇ ನಿಲ್ಲಿಸಿ, ಒಂದು ಟಟ್ಟುಕುದುರೆಯನ್ನು ಕಟ್ಟಿಕೊಂಡು, ಸುಮಾರು ನಲವತ್ತು ವರ್ಷ ಊರಿಂದೂರಿಗೆ ಅಲೆಯುತ್ತ, ಪಾಚಿ ಕೆರೆಯುತ್ತ, ಮಾಸಿದ ಅಕ್ಷರಗಳನ್ನು ಉಳಿಯಿಂದ ಮತ್ತೆ ಆಳವಾಗಿ ಕೊರೆಯುತ್ತ ಕಳೆದನು. ಮಾಡಿದ ಕೆಲಸಕ್ಕೆ ಕೂಲಿ ಪಡೆಯುತ್ತಿರಲಿಲ್ಲ. ಹೆಂಡತಿ ಎಲಿಜಬೆತ್ ಬಾಲ್ಮಕ್ಲೆಲನ್ ಎಂಬ ಹಳ್ಳಿಯಲ್ಲಿ ಒಂದು ಪುಟ್ಟ ಶಾಲೆ ನಡೆಸಿ ಮಕ್ಕಳನ್ನು ಸಾಕಿದಳೆಂಬ ಸಂಗತಿಯನ್ನು ಅವನ ತ್ಯಾಗವನ್ನು ಹೊಗಳುವವರು ಮರೆಯಬಾರದು; ಆ ನಲವತ್ತು ವರ್ಷಗಳ ಬೆಲೆಯನ್ನು ತೆತ್ತವಳು ಅವಳೂ ಹೌದು.

ಕಾದಂಬರಿಕಾರ ವಾಲ್ಟರ್ ಸ್ಕಾಟ್ 1790ರ ದಶಕದಲ್ಲಿ ಡನಾಟರ್ ಎಂಬ ಕಡಲತೀರದ ಊರಿಗೆ ಹೋಗಿದ್ದಾಗ, ಅಲ್ಲಿನ ಚರ್ಚಿನ ಅಂಗಳದಲ್ಲಿ ಈ ಮುದುಕ ಕೆಲಸದಲ್ಲಿ ತೊಡಗಿದ್ದನ್ನು ಕಂಡನು. 1685ರಲ್ಲಿ ಅಲ್ಲಿನ ಕೋಟೆಯ ನೆಲಮಾಳಿಗೆಯೊಂದರಲ್ಲಿ ನೂರಕ್ಕೂ ಹೆಚ್ಚು ಕವೆನಂಟರುಗಳನ್ನು ತುಂಬಿದ್ದರು. ಸೆರೆಯಲ್ಲೂ ತಪ್ಪಿಸಿಕೊಳ್ಳುವ ಯತ್ನದಲ್ಲೂ ಸತ್ತವರ ಹೆಸರುಗಳನ್ನು ಹೊತ್ತ ಕಲ್ಲಿನ ಮೇಲೆ ಅವನು ಕೆಲಸ ಮಾಡುತ್ತಿದ್ದನು. ಜನರು ಪ್ಯಾಟರ್ಸನ್ನನಿಗೆ ಇಟ್ಟಿದ್ದ ಓಲ್ಡ್ ಮಾರ್ಟಾಲಿಟಿ ಎಂಬ ಅಡ್ಡಹೆಸರನ್ನೇ ಸ್ಕಾಟನು 1816ರಲ್ಲಿ ಪ್ರಕಟಿಸಿದ ಕಾದಂಬರಿಗೆ ಇಟ್ಟನು. 1801ರಲ್ಲಿ ತೀರಿಕೊಂಡ ಪ್ಯಾಟರ್ಸನ್ನನ ಗೋರಿ ಬಹುಕಾಲ ಗುರುತಿಲ್ಲದೆ ಉಳಿದಿತ್ತು; ಕಡೆಗೆ 1869ರಲ್ಲಿ ಸ್ಕಾಟನ ಕೃತಿಗಳ ಪ್ರಕಾಶಕರು ಕೆರ್ಲಾವೆರಕ್ ಚರ್ಚಿನ ಅಂಗಳದಲ್ಲಿ ಅವನಿಗೊಂದು ಕಲ್ಲನ್ನು ನೆಡಿಸಿದರು.

ಇಂದಿನ ಸಂರಕ್ಷಣಾ ತಜ್ಞರು ಪ್ಯಾಟರ್ಸನ್ನನ ವಿಧಾನವನ್ನು ಒಪ್ಪುವುದಿಲ್ಲ. ಅಕ್ಷರವನ್ನು ಮತ್ತೆ ಕೊರೆದಾಗ ಮೊದಲ ಕುಟಿಗನ ಉಳಿಯ ಗುರುತು ಅಳಿಯುತ್ತದೆ, ಅಕ್ಷರದ ಅಂದ ಎರಡನೆಯವನ ಕೈಯದಾಗುತ್ತದೆ, ಓದಲು ಬಾರದ ಕಡೆ ಊಹೆಯಿಂದ ಕೊರೆದ ತಪ್ಪು ಅಂಕಿಯೋ ಹೆಸರೋ ಮುಂದಿನವರಿಗೆ ಕಲ್ಲಿನ ಸಾಕ್ಷ್ಯವಾಗಿ ನಿಲ್ಲುತ್ತದೆ. ಈ ಆಕ್ಷೇಪ ಸರಿಯಾದದ್ದೇ. ಆದರೂ ಪ್ಯಾಟರ್ಸನ್ ಕಾಪಾಡಲು ಹೊರಟದ್ದು ಹೆಸರನ್ನು ಎಂಬುದನ್ನು ಗಮನಿಸಿದರೆ ಅವನ ಕೆಲಸಕ್ಕೆ ತನ್ನದೇ ತರ್ಕವಿತ್ತೆಂದು ಒಪ್ಪಬೇಕಾಗುತ್ತದೆ, ಮತ್ತು ಆ ತರ್ಕ ಅವನೊಂದಿಗೆ ಅಳಿಯಲೂ ಇಲ್ಲ. ಮೊದಲ ಮಹಾಯುದ್ಧದ ನಡುವೆ, 1917ರಲ್ಲಿ, ಫೇಬಿಯನ್ ವೇರ್ ಎಂಬವರ ಪ್ರಯತ್ನದಿಂದ ಹುಟ್ಟಿದ ಯುದ್ಧಸಮಾಧಿಗಳ ಆಯೋಗವು ಬ್ರಿಟಿಷ್ ಸಾಮ್ರಾಜ್ಯದ ಸೈನಿಕರಿಗೆಲ್ಲ, ಅಧಿಕಾರಿ ಮತ್ತು ಸಾಮಾನ್ಯ ಸಿಪಾಯಿ ಎಂಬ ಭೇದವಿಲ್ಲದೆ, ಎರಡು ಅಡಿ ಎಂಟು ಅಂಗುಲ ಎತ್ತರದ ಒಂದೇ ಮಾದರಿಯ ಕಲ್ಲನ್ನು ಗೊತ್ತುಮಾಡಿತು. ಅಕ್ಷರ ಮಾಸಿದರೆ ಮತ್ತೆ ಕೊರೆಸುವುದು, ಕಲ್ಲೇ ಸವೆದರೆ ಹೊಸದನ್ನು ನೆಡುವುದು ಇಂದಿಗೂ ಅದರ ಕ್ರಮ. ಹೆಸರು ಓದಲು ಬರಬೇಕೆಂಬುದೇ ಅಲ್ಲಿ ಮುಖ್ಯವಾದ್ದರಿಂದ ಕಲ್ಲು ಬದಲಾದರೆ ನಷ್ಟವಿಲ್ಲ. ಊರಿನ ಕುಟಿಗನೊಬ್ಬ ತನ್ನ ನೆರೆಯವನಿಗಾಗಿ ತನ್ನದೇ ಬಗೆಯಲ್ಲಿ ಕೆತ್ತಿದ ಒಂದೇ ಒಂದು ಕಲ್ಲಿಗೆ ಆ ಕ್ರಮ ಹೊಂದುವುದಿಲ್ಲ.

ಹತ್ತೊಂಬತ್ತನೆಯ ಶತಮಾನದಲ್ಲಿ ಪಟ್ಟಣಗಳು ಉಬ್ಬಿದಾಗ ಚರ್ಚಿನ ಅಂಗಳಗಳು ಸತ್ತವರ ಭಾರವನ್ನು ತಾಳಲಾರದೆ ಹೋದವು. ಜಾರ್ಜ್ ವಾಕರ್ ಎಂಬ ವೈದ್ಯನು ಲಂಡನ್ನಿನ ಸ್ಮಶಾನಗಳ ಭೀಕರ ಸ್ಥಿತಿಯನ್ನು 1839ರಲ್ಲಿ ಪುಸ್ತಕವಾಗಿ ಬಯಲು ಮಾಡಿದನು. ಅದರ ಹಿಂದೆಯೂ ಮುಂದೆಯೂ ಬಂದ ಕಾಲರಾ ಜಾಡ್ಯಗಳು ಸರ್ಕಾರವನ್ನು ಎಚ್ಚರಿಸಿದವು. 1852ರಲ್ಲಿ ಲಂಡನ್ನಿಗೂ ಮರುವರ್ಷ ದೇಶದ ಉಳಿದ ಭಾಗಕ್ಕೂ ಬಂದ ಶವಸಂಸ್ಕಾರದ ಶಾಸನಗಳ ಅಡಿಯಲ್ಲಿ ನೂರಾರು ಅಂಗಳಗಳಲ್ಲಿ ಹೂಳುವುದನ್ನೇ ನಿಲ್ಲಿಸಿ, ಊರ ಹೊರಗೆ ವಿಶಾಲವಾದ ಸಾರ್ವಜನಿಕ ಸ್ಮಶಾನಗಳನ್ನು ತೆರೆಯಲಾಯಿತು. ಆರೋಗ್ಯದ ದೃಷ್ಟಿಯಿಂದ ಇದು ಅಗತ್ಯವಾಗಿತ್ತು. ಆದರೆ ಹೊಸ ಗೋರಿಗಳಿಲ್ಲದ ಅಂಗಳಕ್ಕೆ ಬರುವ ಮನೆಯವರೂ ಕಡಿಮೆಯಾಗಿ, ಹಳೆಯ ಕಲ್ಲುಗಳು ಒಮ್ಮೆಲೇ ಅನಾಥವಾದವು. ರೈಲುಮಾರ್ಗಗಳು ಅದೇ ಹೊತ್ತಿಗೆ ಪಟ್ಟಣದೊಳಕ್ಕೆ ನುಗ್ಗುತ್ತಿದ್ದವು. 1860ರ ದಶಕದ ನಡುವಿನಲ್ಲಿ ಮಿಡ್‌ಲ್ಯಾಂಡ್ ರೈಲ್ವೆಯು ಲಂಡನ್ನಿನ ಹಳೆಯ ಸೇಂಟ್ ಪ್ಯಾಂಕ್ರಾಸ್ ಚರ್ಚಿನ ಅಂಗಳವನ್ನು ಸೀಳಿಕೊಂಡು ಹೋದಾಗ, ಗೋರಿಗಳನ್ನು ತೆರವು ಮಾಡಿಸುವ ಮೇಲ್ವಿಚಾರಣೆ ವಾಸ್ತುಶಿಲ್ಪಿ ಆರ್ಥರ್ ಬ್ಲಾಮ್‌ಫೀಲ್ಡನ ಪಾಲಿಗೆ ಬಂತು. ಅವನ ಕಚೇರಿಯಲ್ಲಿ ಕೆಲಸಕ್ಕಿದ್ದ ತರುಣ ಥಾಮಸ್ ಹಾರ್ಡಿ, ಮುಂದೆ ಕಾದಂಬರಿಕಾರನೂ ಕವಿಯೂ ಆದವನು, ಸಂಜೆಗಳಲ್ಲಿ ಅಲ್ಲಿ ನಿಂತು ಅವಶೇಷಗಳ ಸಾಗಣೆಯನ್ನು ನೋಡಿಕೊಳ್ಳಬೇಕಾಗಿತ್ತು. ಆ ಅಂಗಳದ ಆಶ್ ಮರವೊಂದರ ಬುಡದ ಸುತ್ತ ಒತ್ತೊತ್ತಾಗಿ ಜೋಡಿಸಿದ ನಿಲುಗಲ್ಲುಗಳು ಬಹುಕಾಲ ಹಾರ್ಡಿಯ ಹೆಸರಿನಲ್ಲೇ ಪ್ರಸಿದ್ಧವಾಗಿದ್ದವು. ಮರ 2022ರ ಡಿಸೆಂಬರಿನಲ್ಲಿ ಉರುಳಿತು. ಅದೇ ಹಾರ್ಡಿ 1881ರಲ್ಲಿ, ಹಳೆಯ ಕಟ್ಟಡಗಳನ್ನು ಮನಬಂದಂತೆ ಬದಲಿಸುವುದನ್ನು ವಿರೋಧಿಸುವ ಸಂಘಕ್ಕೆ ಸದಸ್ಯನಾದನೆಂಬುದು ಈ ಚರಿತ್ರೆಯಲ್ಲಿ ನೆನಪಿಡತಕ್ಕ ಸಂಗತಿ.

ಮುಚ್ಚಿದ ಅಂಗಳಗಳನ್ನು ಬಡವರ ಮಕ್ಕಳಿಗೆ ಗಾಳಿ ಬೆಳಕು ಸಿಗುವ ಉದ್ಯಾನಗಳನ್ನಾಗಿ ಮಾಡಬೇಕೆಂದು 1882ರಲ್ಲಿ ಲಂಡನ್ನಿನಲ್ಲೊಂದು ಸಂಘ ಹುಟ್ಟಿತು. ಅಂಥ ನೆಲದಲ್ಲಿ ಕಟ್ಟಡ ಕಟ್ಟಕೂಡದೆಂಬ ಶಾಸನ 1884ರಲ್ಲಿ ಬಂತು. ಈ ಸಂಘಕ್ಕಾಗಿ ದುಡಿದ ಇಸಾಬೆಲ್ಲಾ ಹೋಮ್ಸ್ ಲಂಡನ್ನಿನ ಸ್ಮಶಾನಗಳನ್ನು ತಾವೇ ಕಾಲ್ನಡಿಗೆಯಲ್ಲಿ ಹುಡುಕಿ ಗುರುತಿಸಿ 1896ರಲ್ಲಿ ಪ್ರಕಟಿಸಿದ ಪುಸ್ತಕ ಇಂದಿಗೂ ಆಧಾರಗ್ರಂಥವಾಗಿದೆ. ಉದ್ಯಾನ ಮಾಡುವಾಗ ನಿಲುಗಲ್ಲುಗಳನ್ನು ಕಿತ್ತು ಸುತ್ತಲ ಗೋಡೆಗೆ ಒರಗಿಸಿಡುವುದು ವಾಡಿಕೆಯಾಯಿತು. ಕಲ್ಲು ಉಳಿಯಿತು, ಹೆಸರೂ ಉಳಿಯಿತು, ಆದರೆ ಯಾರ ಕಲ್ಲು ಯಾವ ಗೋರಿಯದೆಂಬ ಸಂಬಂಧ ಕಡಿದುಹೋಯಿತು; ಗಂಡನ ಪಕ್ಕದಲ್ಲಿ ಹೆಂಡತಿ, ಅವರ ಪಾದದ ಬಳಿ ಮಕ್ಕಳು ಎಂದು ನೆಲವೇ ಹೇಳುತ್ತಿದ್ದ ಕುಟುಂಬದ ವಿನ್ಯಾಸವನ್ನು ಗೋಡೆ ಹೇಳಲಾರದು. ಇದಕ್ಕೆ ಪರಿಹಾರವಾಗಿ, ತೆಗೆಯುವ ಮುನ್ನ ಕಲ್ಲುಗಳ ಮೇಲಿನ ಹೆಸರು ದಿನಾಂಕಗಳನ್ನು ದಾಖಲೆಯಲ್ಲಿರಿಸಬೇಕೆಂಬ ನಿಯಮವನ್ನು 1906ರ ಬಯಲುಪ್ರದೇಶಗಳ ಶಾಸನದಲ್ಲಿ ಸೇರಿಸಲಾಯಿತು. ಮೊದಲು ದಾಖಲೆ, ಆಮೇಲೆ ಕೆಲಸ ಎಂಬ ಇಂದಿನ ಮೊದಲ ಪಾಠಕ್ಕೆ ಕಾನೂನಿನ ಬೆಂಬಲ ದೊರೆತದ್ದು ಹೀಗೆ, ಕೇಡು ಸಾಕಷ್ಟು ನಡೆದ ಮೇಲೆ.

ಹಾರ್ಡಿ ಸೇರಿದ್ದ ಆ ಸಂಘವನ್ನು, ಪ್ರಾಚೀನ ಕಟ್ಟಡಗಳ ಸಂರಕ್ಷಣಾ ಸಂಘವನ್ನು, 1877ರಲ್ಲಿ ಹುಟ್ಟುಹಾಕಿದವನು ಕವಿಯೂ ಕುಶಲಕರ್ಮಿಯೂ ಆದ ವಿಲಿಯಂ ಮಾರಿಸ್. ಜೀರ್ಣೋದ್ಧಾರದ ಹೆಸರಿನಲ್ಲಿ ಚರ್ಚುಗಳ ಹಳೆಯ ಗಾರೆಯನ್ನು ಕೆರೆದು, ಕಾಲಕಾಲಕ್ಕೆ ಸೇರಿದ್ದನ್ನು ಕಿತ್ತೆಸೆದು, ಕಲ್ಪನೆಯ ಮಧ್ಯಯುಗವೊಂದನ್ನು ಹೊಸದಾಗಿ ಕಟ್ಟುತ್ತಿದ್ದ ಆ ಕಾಲದ ಉತ್ಸಾಹವನ್ನು ಅವನು ಕಟುವಾಗಿ ಎದುರಿಸಿದನು. ದಿನನಿತ್ಯದ ಆರೈಕೆಯಿಂದ ಜೀರ್ಣತೆಯನ್ನು ತಡೆಯಬೇಕು, ಮಾಡಿದ ದುರಸ್ತಿ ದುರಸ್ತಿಯೆಂದು ಕಾಣುವಂತಿರಬೇಕು, ಹಳೆಯದರ ವೇಷ ಹಾಕಬಾರದು ಎಂಬುದು ಅವನ ನಿಲುವು. ಚರ್ಚಿನ ಕಟ್ಟಡಕ್ಕಾಗಿ ರೂಪುಗೊಂಡ ಈ ನಿಲುವು ಅಂಗಳದ ಕಲ್ಲುಗಳಿಗೂ ಅನ್ವಯಿಸುತ್ತದೆಂದು ಒಪ್ಪಿಗೆಯಾಗಲು ಹೆಚ್ಚುಕಡಿಮೆ ಒಂದು ಶತಮಾನವೇ ಹಿಡಿಯಿತು, ಅಷ್ಟರಲ್ಲಿ ಸಿಮೆಂಟು ತನ್ನ ಕೆಲಸ ಮಾಡಿ ಮುಗಿಸಿತ್ತು.

ಸಿಮೆಂಟಿನ ಹಾನಿಯನ್ನು ಸ್ವಲ್ಪ ವಿವರಿಸುವುದು ಅಗತ್ಯ, ಏಕೆಂದರೆ ದುರಸ್ತಿಯೇ ಕಲ್ಲನ್ನು ಕೊಂದ ಬಗೆ ಇದರಿಂದ ಸ್ಪಷ್ಟವಾಗುತ್ತದೆ. ಲೀಡ್ಸಿನ ಜೋಸೆಫ್ ಆಸ್ಪ್‌ಡಿನ್ 1824ರಲ್ಲಿ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಹಕ್ಕುಪತ್ರ ಪಡೆಯುವವರೆಗೆ ಕಲ್ಲುಗಳ ಸಂದಿಗೆ ತುಂಬುತ್ತಿದ್ದುದು ಸುಣ್ಣ ಮರಳುಗಳ ಗಾರೆ. ಗಾರೆ ಕಲ್ಲಿಗಿಂತ ಮೆತುವು, ಸೂಕ್ಷ್ಮ ರಂಧ್ರಗಳುಳ್ಳದ್ದು. ಕಲ್ಲಿನೊಳಗಿನ ತೇವ ಗಾರೆಯ ಮೂಲಕ ಹೊರಗೆ ಹೋಗುತ್ತದೆ, ನೀರಿನೊಡನೆ ಬರುವ ಲವಣಗಳು ಅಲ್ಲೇ ಹರಳುಗಟ್ಟಿ ಗಾರೆಯನ್ನು ಸವೆಸುತ್ತವೆ, ಕೆಲವು ದಶಕಗಳಿಗೊಮ್ಮೆ ಸವೆದ ಗಾರೆಯನ್ನು ತೆಗೆದು ಹೊಸದನ್ನು ತುಂಬಿದರೆ ಕಲ್ಲು ಮೊದಲಿನಂತೆಯೇ ಇರುತ್ತದೆ. ಗಾರೆ ತಾನು ಸವೆದು ಕಲ್ಲನ್ನು ಕಾಯುತ್ತದೆ. ಸಿಮೆಂಟಾದರೋ ಗಟ್ಟಿ, ನೀರನ್ನು ಬಿಟ್ಟುಕೊಡದು. ತೇವಕ್ಕೆ ಹೊರದಾರಿ ಮುಚ್ಚಿ ಅದು ಕಲ್ಲಿನ ಮೈಯಿಂದಲೇ ಆರಬೇಕಾಗುತ್ತದೆ, ಲವಣ ಕಲ್ಲಿನಲ್ಲೇ ಹರಳುಗಟ್ಟುತ್ತದೆ, ಹಿಮ ಕಲ್ಲನ್ನೇ ಒಡೆಯುತ್ತದೆ. ಸಿಮೆಂಟು ಬಳಿದ ಕಡೆ ಕೆಲವು ವರ್ಷಗಳ ಮೇಲೆ ಸಂದಿನ ಗೆರೆ ಹಾಗೇ ನಿಂತು, ಅದರ ಇಬ್ಬದಿಯ ಕಲ್ಲು ಒಳಕ್ಕೆ ಕುಸಿದಿರುವುದು ಇದರಿಂದಲೇ. ಓರೆಯಾದ ನಿಲುಗಲ್ಲಿನ ಬುಡಕ್ಕೆ ಕಾಂಕ್ರೀಟು ಸುರಿದು ನೆಟ್ಟಗೆ ಮಾಡುವ ಪದ್ಧತಿಯೂ ಇಷ್ಟೇ ಕೆಟ್ಟದ್ದು: ಕಾಂಕ್ರೀಟಿನ ಗಡಿಯಲ್ಲಿ ನೀರು ನಿಂತು, ಗಾಳಿಗೆ ಅಲುಗಿದಾಗ ಕಲ್ಲು ಅಲ್ಲಿಯೇ ತುಂಡಾಗುತ್ತದೆ. ಮಣ್ಣಿನಲ್ಲಿ ನೆಟ್ಟ ಕಲ್ಲಾದರೆ ಬಾಗುತ್ತದೆಯೇ ಹೊರತು ಸುಲಭಕ್ಕೆ ಮುರಿಯುವುದಿಲ್ಲ.

ಕಬ್ಬಿಣವೂ ಇಂಥದೇ ದ್ರೋಹ ಮಾಡಿದೆ. ಹದಿನೇಳು ಹದಿನೆಂಟನೆಯ ಶತಮಾನಗಳ ಸ್ಥಿತಿವಂತರು ಮಾಡಿಸಿದ ಪೆಟ್ಟಿಗೆಯಾಕಾರದ ಗೋರಿಗಳಲ್ಲಿ ದೇಹ ಇರುವುದು ನೆಲದ ಕೆಳಗೆ. ಮೇಲಿನ ಪೆಟ್ಟಿಗೆ ನಾಲ್ಕು ಬದಿಯ ಚಪ್ಪಡಿ, ಒಂದು ಮುಚ್ಚಳಗಲ್ಲು, ಒಳಗೊಂದು ಇಟ್ಟಿಗೆಯ ತಿರುಳು ಸೇರಿದ ರಚನೆ, ಅಷ್ಟೆ. ಚಪ್ಪಡಿಗಳನ್ನು ಮೂಲೆಗಳಲ್ಲಿ ಹಿಡಿದಿಡಲು ಕಬ್ಬಿಣದ ಕೊಂಡಿಗಳನ್ನು ಸೀಸ ಹುಯ್ದು ಕೂರಿಸುತ್ತಿದ್ದರು. ಸೀಸ ಸಡಿಲಾಗಿ ನೀರು ಒಳಸೇರಿದಾಗ ಕಬ್ಬಿಣ ತುಕ್ಕಾಗಿ ಹಲವು ಪಟ್ಟು ಉಬ್ಬಿ, ಚಪ್ಪಡಿಯ ಮೂಲೆಯನ್ನು ಒಳಗಿನಿಂದಲೇ ಸಿಡಿಸುತ್ತದೆ; ಆ ಬಿರುಕಿನಲ್ಲಿ ಐವಿ ಬಳ್ಳಿ ಬೇರಿಳಿಸಿದರೆ ಪೆಟ್ಟಿಗೆ ಕಳಚಿ ಬೀಳಲು ಹೆಚ್ಚು ಕಾಲ ಬೇಡ. ಬಳ್ಳಿಯನ್ನು ಎಳೆದು ಕಿತ್ತರೆ ಕಲ್ಲಿನ ಮೈಯೂ ಕಿತ್ತುಬರುವುದರಿಂದ, ಬುಡದಲ್ಲಿ ಕತ್ತರಿಸಿ ಒಣಗಲು ಬಿಟ್ಟು ಆಮೇಲೆ ಬಿಡಿಸುವುದು ಬಲ್ಲವರ ಕ್ರಮ. ಕೊಂಡಿಗಳ ಜಾಗಕ್ಕೆ ಈಗ ತುಕ್ಕು ಹಿಡಿಯದ ಉಕ್ಕನ್ನು ಹಾಕುತ್ತಾರೆ.

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಹುಲ್ಲು ಕತ್ತರಿಸುವ ಯಂತ್ರದ ಬಳಕೆ ಹೆಚ್ಚಿದಾಗ, ಯಂತ್ರ ಅಡೆತಡೆಯಿಲ್ಲದೆ ಓಡಲೆಂಬ ಒಂದೇ ಕಾರಣಕ್ಕೆ ಅದೆಷ್ಟೋ ಅಂಗಳಗಳ ಕಲ್ಲುಗಳನ್ನು ಕಿತ್ತು ಅಂಚಿಗೆ ಪೇರಿಸಲಾಯಿತು. ಮುಚ್ಚಿದ ಅಂಗಳಗಳ ನಿರ್ವಹಣೆಯನ್ನು ಚರ್ಚು ಸ್ಥಳೀಯ ಸಂಸ್ಥೆಗೆ ವಹಿಸಬಹುದೆಂದು 1972ರ ಸ್ಥಳೀಯ ಸರ್ಕಾರ ಶಾಸನ ಹೇಳುತ್ತದೆ. ಖರ್ಚಿನ ಲೆಕ್ಕ ನೋಡುವ ಸಂಸ್ಥೆಗೆ ಬೋಳು ಹುಲ್ಲುಹಾಸೇ ಅಗ್ಗ. ಮುಂದೆ 2000ದಲ್ಲಿ ಯಾರ್ಕ್‌ಶೈರಿನ ಹ್ಯಾರೊಗೇಟ್ ಪಟ್ಟಣದ ಸ್ಮಶಾನದಲ್ಲಿ ಕಲ್ಲೊಂದು ಬಿದ್ದು ಬಾಲಕನೊಬ್ಬ ಮೃತಪಟ್ಟನು. ಆ ದಾರುಣ ಘಟನೆಯಿಂದ ಬೆದರಿದ ಸ್ಥಳೀಯ ಸಂಸ್ಥೆಗಳು ಯಂತ್ರದಿಂದ ತಳ್ಳಿ ಪರೀಕ್ಷಿಸಿ, ಅಲುಗಿದ ಕಲ್ಲುಗಳನ್ನೆಲ್ಲ ಸಾಲಾಗಿ ಮಲಗಿಸತೊಡಗಿದವು. ಮೇಲ್ಮುಖವಾಗಿ ಮಲಗಿಸಿದ ಕಲ್ಲಿನ ಬರಹದ ಮೇಲೆ ಮಳೆನೀರು ನಿಲ್ಲುತ್ತದೆ; ನಿಂತಾಗ ಇನ್ನೂರು ವರ್ಷ ಬಾಳಿದ್ದು ಮಲಗಿದಾಗ ಬೇಗನೆ ಹಾಳಾಗುತ್ತದೆ. ಜೀವಹಾನಿಯ ಭಯ ಸುಳ್ಳಲ್ಲ, ಎತ್ತರದ ಭಾರವಾದ ಕಲ್ಲಿನ ವಿಷಯದಲ್ಲಿ ಉಪೇಕ್ಷೆ ಸಲ್ಲದು. ಆದರೆ ಮಂಡಿಯೆತ್ತರದ ಕಲ್ಲನ್ನೂ ಅದೇ ತಕ್ಕಡಿಯಲ್ಲಿ ತೂಗಿದ್ದು ವಿವೇಕವಲ್ಲ. 2009ರಲ್ಲಿ ನ್ಯಾಯ ಸಚಿವಾಲಯವು, ಅಪಾಯದ ಪ್ರಮಾಣಕ್ಕೆ ತಕ್ಕಷ್ಟೇ ಕ್ರಮ ಸಾಕು, ಕಣ್ಣಿನಿಂದ ನೋಡಿ ಕೈಯಿಂದ ಮೆಲ್ಲನೆ ಅಲುಗಿಸಿ ಪರೀಕ್ಷಿಸಬಹುದೆಂಬ ಮಾರ್ಗದರ್ಶನ ಹೊರಡಿಸಿದ ಬಳಿಕ ಈ ಹಾವಳಿ ತಗ್ಗಿತು.

ಇಂದು ಓರೆಯಾದ ನಿಲುಗಲ್ಲನ್ನು ನೆಟ್ಟಗೆ ಮಾಡುವ ಕೆಲಸ ಅನುಮತಿಯಿಂದ ಆರಂಭವಾಗುತ್ತದೆ. ಇಂಗ್ಲೆಂಡಿನ ಆಂಗ್ಲಿಕನ್ ಚರ್ಚಿನಲ್ಲಿ ಪ್ರತಿ ಬಿಷಪ್ಪರ ಪ್ರಾಂತಕ್ಕೂ ಒಬ್ಬ ನ್ಯಾಯಾಧಿಕಾರಿಯಿದ್ದು, ಅಂಗಳದ ಕಲ್ಲುಗಳ ಮೇಲಿನ ದೊಡ್ಡ ಕೆಲಸಗಳಿಗೆ ಫ್ಯಾಕಲ್ಟಿ ಎಂದು ಕರೆಯುವ ಅವರ ಅಪ್ಪಣೆಪತ್ರ ಬೇಕು. ಆಮೇಲೆ ಛಾಯಾಚಿತ್ರ, ಅಳತೆ, ಬರಹದ ನಕಲು. ಮಾಸಿದ ಅಕ್ಷರಗಳನ್ನು ಓದಲು ಹಿಂದೆ ಸೀಮೆಸುಣ್ಣ ಉಜ್ಜುತ್ತಿದ್ದರು, ಗಡ್ಡ ಹೆರೆಯುವ ನೊರೆ ಬಳಿಯುವವರೂ ಇದ್ದರು. ಎರಡೂ ಕಲ್ಲಿನ ಮೈಗೆ ಕೆಡುಕು. ಕನ್ನಡಿಯೊಂದರಿಂದ ಬಿಸಿಲನ್ನು ಪಕ್ಕದಿಂದ ಓರೆಯಾಗಿ ಬೀಳಿಸಿದರೆ ಆಳವಿಲ್ಲದ ಅಕ್ಷರದಲ್ಲೂ ನೆರಳು ನಿಂತು, ಬೋಳೆಂದು ತೋರಿದ ಕಲ್ಲು ಸಾಲು ಸಾಲಾಗಿ ಓದಿಸಿಕೊಳ್ಳುತ್ತದೆ. ಆ ಬಳಿಕ ಬುಡದ ಮಣ್ಣನ್ನು ಎಚ್ಚರಿಕೆಯಿಂದ ಬಿಡಿಸಿ, ಮೂರು ಕಾಲಿನ ಚೌಕಟ್ಟಿಗೆ ಚೈನ್ ಪುಲ್ಲಿ ಕಟ್ಟಿ, ಮೆತ್ತನೆಯ ಅಗಲಪಟ್ಟಿಯಿಂದ ಕಲ್ಲನ್ನು ಎತ್ತಿ, ಅದರ ಉದ್ದದ ಸುಮಾರು ಮೂರನೆಯ ಒಂದು ಪಾಲು ನೆಲದೊಳಗೆ ನಿಲ್ಲುವಂತೆ ಇಳಿಸಿ, ಸುತ್ತಲೂ ಜಲ್ಲಿ ಮಣ್ಣುಗಳನ್ನು ಪದರ ಪದರವಾಗಿ ಗುದ್ದಿ ಗಟ್ಟಿ ಮಾಡುತ್ತಾರೆ. ತೊಳೆಯಬೇಕಾದರೆ ಬರಿಯ ನೀರು, ಮೆತ್ತನೆಯ ಬ್ರಷ್ಷು, ಮರದ ಕಡ್ಡಿ. ತಂತಿಯ ಬ್ರಷ್ಷು, ಆಮ್ಲ, ಬ್ಲೀಚು, ರಭಸದಿಂದ ನೀರು ಚಿಮ್ಮುವ ಯಂತ್ರ ಇವು ಒಂದೇ ಮಧ್ಯಾಹ್ನದಲ್ಲಿ ನೂರು ವರ್ಷದ ಸವೆತವನ್ನು ತರಬಲ್ಲವು.

ಬಹಳಷ್ಟು ಸಲ ತೊಳೆಯದಿರುವುದೇ ಲೇಸು, ಏಕೆಂದರೆ ಕಲ್ಲಿನ ಮೇಲೆ ಕಲೆಯೆಂದು ತೋರುವುದು ಹೆಚ್ಚಾಗಿ ಕಲ್ಲುಹೂವು. ಶಿಲೀಂಧ್ರವೂ ಪಾಚಿಯೂ ಕೂಡಿ ಒಂದೇ ಜೀವಿಯಂತೆ ಬಾಳುವ ಈ ಸಸ್ಯಸದೃಶ ಜೀವಿಯ ಕೆಲವು ಬಗೆಗಳನ್ನು ಕನ್ನಡ ನಾಡಿನ ಅಡುಗೆಮನೆ ಮಸಾಲೆಯಾಗಿ ಬಲ್ಲದು. ಬ್ರಿಟನ್ನಿನಲ್ಲಿ ಸಿಗುವ ಸುಮಾರು 2000 ಬಗೆಗಳಲ್ಲಿ 700ಕ್ಕೂ ಹೆಚ್ಚು ಚರ್ಚಿನ ಅಂಗಳಗಳಲ್ಲಿ ದಾಖಲಾಗಿವೆ. ಬಂಡೆಗಳಿಲ್ಲದ ಬಯಲುಸೀಮೆಯಲ್ಲಿ ಅವಕ್ಕೆ ಆಸರೆಯೇ ಈ ಹಳೆಯ ಕಲ್ಲುಗಳು. ಹಲವು ಬಗೆಗಳು ವರ್ಷಕ್ಕೆ ಒಂದು ಮಿಲಿಮೀಟರಿನಷ್ಟೂ ಬೆಳೆಯದ್ದರಿಂದ, ಅಂಗೈಯಗಲದ ಒಂದು ಬಿಳಿ ವರ್ತುಲಕ್ಕೆ ಗೋರಿಯಷ್ಟೇ ವಯಸ್ಸಿರಬಹುದು, ಮತ್ತು ಕಲ್ಲಿನ ಮೇಲೆ ಇಸವಿ ಇರುವುದರಿಂದ ಕಲ್ಲುಹೂವಿನ ಬೆಳವಣಿಗೆಯ ವೇಗವನ್ನು ಅಳೆಯಲು ವಿಜ್ಞಾನಿಗಳಿಗೆ ಗೋರಿಕಲ್ಲೇ ಅಳತೆಗೋಲಾಗಿದೆ. ಪ್ಯಾಟರ್ಸನ್ ಕೆರೆದು ತೆಗೆದದ್ದನ್ನು ಇಂದಿನವರು ಕಾಪಾಡುತ್ತಾರೆ.

ಭಾರತದಲ್ಲಿ ಬ್ರಿಟಿಷರೂ ಇತರ ಯುರೋಪಿಯನ್ನರೂ ಬಿಟ್ಟುಹೋದ ಗೋರಿಗಳಲ್ಲಿ ಇದೇ ಸಮಸ್ಯೆ ಹೆಚ್ಚು ತೀವ್ರವಾಗಿದೆ. ವಾರಸುದಾರರು ಇರುವುದು ಸಮುದ್ರದಾಚೆ. ಕೋಲ್ಕತ್ತದಲ್ಲಿ 1767ರಲ್ಲಿ ತೆರೆದ ಸೌತ್ ಪಾರ್ಕ್ ಸ್ಟ್ರೀಟ್ ಸ್ಮಶಾನದಂಥ ಕಡೆಗಳಲ್ಲಿ ಗೋರಿಗಳು ಇಟ್ಟಿಗೆಯಿಂದ ಕಟ್ಟಿ ಸುಣ್ಣದ ಗಾರೆ ಬಳಿದ ಗೋಪುರ ಮಂಟಪಗಳು. ಇವುಗಳ ಶತ್ರು ಹಿಮವಲ್ಲ, ಹಕ್ಕಿಗಳು ತಂದು ಹಾಕಿದ ಅರಳಿ ಆಲಗಳ ಬೀಜ. ಜೂಲಿಯನ್ ಕಾಟನ್ 1905ರಲ್ಲಿ ಮದ್ರಾಸ್ ಆಧಿಪತ್ಯದ ಗೋರಿಬರಹಗಳ ಪಟ್ಟಿಯನ್ನು ಪ್ರಕಟಿಸಿದರು, ಇದರಿಂದ ಕಲ್ಲು ಕಳೆದುಹೋದರೂ ಬರಹ ಉಳಿಯುವಂತಾಯಿತು. 1970ರ ದಶಕದಲ್ಲಿ ಥಿಯನ್ ವಿಲ್ಕಿನ್ಸನ್ ಅವರು ಲಂಡನ್ನಿನಲ್ಲಿ ಸ್ಥಾಪಿಸಿದ ದಕ್ಷಿಣ ಏಷ್ಯಾದ ಸ್ಮಶಾನಗಳ ಸಂಘವು ಗೋರಿಗಳ ದಾಖಲೆ ಸಂಗ್ರಹಿಸಿ ಬ್ರಿಟಿಷ್ ಲೈಬ್ರರಿಯಲ್ಲಿ ಇರಿಸುತ್ತಿದೆ, ದುರಸ್ತಿಗೆ ಸ್ಥಳೀಯರಿಗೆ ಧನಸಹಾಯವನ್ನೂ ಕೊಡುತ್ತಿದೆ.

ಕರ್ನಾಟಕದಲ್ಲಿ ಇದಕ್ಕೆ ಒಳ್ಳೆಯ ನಿದರ್ಶನ ಶ್ರೀರಂಗಪಟ್ಟಣದಲ್ಲಿ ಕಾವೇರಿಯ ದಡದ ಬಳಿ ಇರುವ ಗ್ಯಾರಿಸನ್ ಸ್ಮಶಾನ. ಟಿಪ್ಪು ಸುಲ್ತಾನ್ ಮಡಿದ 1799ರ ಮುತ್ತಿಗೆಯ ಬಳಿಕ ಅಲ್ಲಿ ಬೀಡುಬಿಟ್ಟ ದಂಡಿನವರ ಮತ್ತು ಅವರ ಕುಟುಂಬದವರ ಮುನ್ನೂರರಷ್ಟು ಗೋರಿಗಳು ಅಲ್ಲಿವೆ. ದ್ವೀಪದ ಹವೆ ಒಗ್ಗದೆ ಜ್ವರದಿಂದ ಸತ್ತವರೇ ಬಹಳ, ಅದರಿಂದಲೇ 1809ರಲ್ಲಿ ದಂಡು ಬೆಂಗಳೂರಿಗೆ ಸಾಗಿತು. ಅವರಲ್ಲಿ ಗಮನಾರ್ಹರಾದವರು ಸ್ವಿಟ್ಜರ್ಲೆಂಡಿನ ಡಿ ಮ್ಯೂರಾನ್ ಪಡೆಯವರು. ಶಾರ್ಲ್ ದಾನಿಯೆಲ್ ಡಿ ಮ್ಯೂರಾನ್ 1781ರಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿಗಾಗಿ ಕಟ್ಟಿದ ಈ ಪಡೆ 1795ರಲ್ಲಿ ಸಿಲೋನಿನಲ್ಲಿ ಬ್ರಿಟಿಷರ ಸೇವೆಗೆ ಬದಲಾಗಿ ಮುತ್ತಿಗೆಯಲ್ಲಿ ಕಾದಾಡಿತ್ತು. ಎರಡು ಶತಮಾನಗಳ ಮೇಲೆ, 2007–08ರ ಹೊತ್ತಿಗೆ, ಡಿ ಮ್ಯೂರಾನ್ ವಂಶಸ್ಥರು ಮುಂದೆ ಬಂದು ಈ ಸ್ಮಶಾನದ ಜೀರ್ಣೋದ್ಧಾರ ಮಾಡಿಸಿದರು. ವಾರಸುದಾರರು ಇಷ್ಟು ತಡವಾಗಿಯಾದರೂ ಹುಡುಕಿಕೊಂಡು ಬರುವುದು ಅಪರೂಪ.

ಇಂಥ ಇಟ್ಟಿಗೆ ಗೋರಿಗಳಿಗೆ ಬೇಕಾದ ಸಾಮಗ್ರಿ ಕನ್ನಡ ನಾಡಿನ ಹಳೆಯ ಗಾರೆ ಕೆಲಸದವರಿಗೆ ಹೊಸದಲ್ಲ. ಸುಣ್ಣವನ್ನು ನೀರಿನಲ್ಲಿ ಅರಳಿಸಿ, ದಿನಗಟ್ಟಲೆ ಕೊಳೆಯಿಟ್ಟು, ಮರಳಿನೊಡನೆ ಗಾಣದಲ್ಲಿ ಅರೆದು, ಬೆಲ್ಲದ ನೀರು ಮತ್ತು ಅಳಲೆಕಾಯಿಯ ರಸ ಬೆರೆಸುವ ಕ್ರಮದಿಂದಲೇ ಇಲ್ಲಿನ ಕೋಟೆ, ಅರಮನೆ, ಗುಡಿಗಳ ಗಾರೆ ಸಿದ್ಧವಾಗುತ್ತಿತ್ತು. ಸಿಮೆಂಟು ಬಳಿದ ಗೋರಿ ಎರಡು ಮೂರು ಮಳೆಗಾಲಗಳಲ್ಲೇ ಬಿರುಕು ಬಿಡಬಹುದು, ಆ ಬಿರುಕೇ ಅರಳಿಯ ಬೇರಿಗೆ ದಾರಿ. ಸುಣ್ಣದ ಗಾರೆಯಾದರೆ ಮುಂಗಾರಿಗೆ ಮುಂಚೆ ವರ್ಷಕ್ಕೊಮ್ಮೆ ಸಂದುಗಳನ್ನು ಪರೀಕ್ಷಿಸಿ, ಎರಡೆಲೆಯ ಸಸಿಯನ್ನು ಬೇರು ಇಳಿಯುವ ಮೊದಲೇ ಕಿತ್ತು, ಕೆಲವು ವರ್ಷಗಳಿಗೊಮ್ಮೆ ಸುಣ್ಣ ಹೊಡೆದರೆ ಸಾಕಾಗುತ್ತದೆ. ಒಂದೇ ಸಲದ ದೊಡ್ಡ ಜೀರ್ಣೋದ್ಧಾರಕ್ಕೆ ಹಣ ಕೂಡಿಸುವುದಕ್ಕಿಂತ, ಈ ಸಣ್ಣ ಕೆಲಸವನ್ನು ವರ್ಷ ವರ್ಷವೂ ಮಾಡುವ ಸ್ಥಳೀಯರೊಬ್ಬರಿಗೆ ಕೂಲಿ ಗೊತ್ತುಮಾಡುವುದು ಹೆಚ್ಚು ಕಷ್ಟವೆಂಬುದು ಇಂಗ್ಲೆಂಡಿನ ಹಳ್ಳಿಯ ಚರ್ಚಿಗೂ ಕಾವೇರಿಯ ದಡಕ್ಕೂ ಸಮಾನವಾದ ತೊಡಕು.